ಮರ್ದಾನಸಾಬ ಮಾಸ್ತರರು ಕಪ್ಪತಗುಡ್ಡದಲ್ಲಿ ಅತ್ತದ್ದು

ಡಂಬಳದ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ ಮರ್ದಾನಸಾಬ ಮಾಸ್ತರರ ಕಣ್ಣುಗಳು ಗಂಡಸು ಎಂಬರ್ಥದ ಅವರ ಹೆಸರಿನ ಮಾತು ಕೇಳುತ್ತಿರಲಿಲ್ಲ. ಹಿಮಾಲಯದ ಪಾಠ ಬಂತೆಂದರೆ ಒದ್ದೆಯಾಗುತ್ತಿದ್ದವು. ಶಿಖರ ಮುಟ್ಟಿದವರು ಹಿಮದಲ್ಲಿ ಮೊಣಕಾಲೂರಿ ಅತ್ತರು ಎಂಬಲ್ಲಿಗೆ ಬಂದು ಅವರು ಕನ್ನಡಕ ತೆಗೆಯುತ್ತಿದ್ದರು. ಮಕ್ಕಳು ಅದೂ ಪಾಠದ ಭಾಗವೆಂದೇ ತಿಳಿದಿದ್ದರು. ಈ ಭೂಗೋಳದಲ್ಲಿ ಭೂಮಿ ಕಡಿಮೆ, ಗೋಳು ಜಾಸ್ತಿ ಎಂದು ಪಕ್ಕದ ಕೋಣೆಯ ಗಣಿತದ ಸಕ್ರಪ್ಪ ಮಾಸ್ತರರು ನಗುತ್ತಿದ್ದರು.

ಇದಕ್ಕೆಲ್ಲ ಮೂಲ ಗದಗಿನ ರದ್ದಿ ಅಂಗಡಿಯಲ್ಲಿ ಸಿಕ್ಕ ಒಂದು ದಪ್ಪ ಪುಸ್ತಕ. ಅದರ ಪ್ರಕಾರ, ಹಿಂದೆ ಪರ್ವತ ಹತ್ತಿದವರು ತುದಿಯಲ್ಲಿ ಅಳುತ್ತಿದ್ದರು, ಆಮೇಲೆ ಬಂದವರು ಯಂತ್ರ ತೆಗೆದು ಅಳೆಯುತ್ತಿದ್ದರು. ಮಾಸ್ತರರು ಅಳೆದವರ ಪುಟಗಳನ್ನು ಹಾರಿಸಿ ಅತ್ತವರ ಪುಟಗಳನ್ನಷ್ಟೇ ಓದಿದ್ದರು.

ಎಪ್ಪತ್ತೇಳರ ಚಳಿಗಾಲದಲ್ಲಿ ಸಕ್ರಪ್ಪ ಒಂದು ಮಾತು ಅಂದುಬಿಟ್ಟರು.

"ಸಾಬರ, ನೀವು ಶಾಲಿ ಮಾಳಗಿ ಬಿಟ್ಟು ಮ್ಯಾಲ ಎಲ್ಲೂ ಹತ್ತಿದವರಲ್ಲ. ಹಂಗಾರ ಆ ಅಳು ಯಾರದರಿ? ಕಡಾ ತಂದದ್ದೇನು?"

ಮಾತು ನಾಟಿತು. ನಿಜವಾಗಿ ತುದಿಯಲ್ಲಿ ನಿಂತಾಗ ಕಣ್ಣು ಒಣಗಿಯೇ ಉಳಿದರೆ ಇಷ್ಟು ವರ್ಷ ಮಕ್ಕಳಿಗೆ ಸುಳ್ಳು ಹೇಳಿದಂತೆ. ಆಮೇಲೆ ಆ ಪಾಠ ಮಾಡಲು ಬಾಯಿ ಬರುವುದಿಲ್ಲ. ಆಗಲಿ, ಊರಿನೆದುರಿಗೇ ಕಪ್ಪತಗುಡ್ಡವಿದೆ, ಹತ್ತಿಯೇ ನೋಡೋಣ ಎಂದು ನಿರ್ಧರಿಸಿದರು. ತುದಿಯಲ್ಲಿ ಎದೆ ತುಂಬಿ ಬಂದರೆ ಅಲ್ಲೇ ಸಕ್ಕರೆಗೆ ಫಾತೆಹಾ ಓದಿ ಹಂಚುವುದಾಗಿ ಹರಕೆಯನ್ನೂ ಹೊತ್ತರು.

ಹೆಂಡತಿ ಅಲ್ಮಾಸಬಿ ಸಕ್ಕರೆಯನ್ನು ಅರಿವೆಯಲ್ಲಿ ಕಟ್ಟಿಕೊಟ್ಟಳು. "ಅಳು ಬಂದ್ರ ಹಂಚ್ರಿ. ಬರಲಿಲ್ಲಂದ್ರ ಗಂಟು ಹಂಗ ವಾಪಸ್ ತರ್ರಿ, ಚಾಕ್ಕ ಸಕ್ರಿ ಇಲ್ಲ."

ರವಿವಾರ ಮುಂಜಾನೆ ಸಾಕ್ಷಿಗೆಂದು ಸಕ್ರಪ್ಪನವರೂ ಜೊತೆಗೆ ಹೊರಟರು. ಬಾದೆ ಹುಲ್ಲು, ಜಾರುವ ಕಲ್ಲು, ಏದುಸಿರು. ಇದೇ ತುದಿಯೆಂದು ಒಂದು ದಿಬ್ಬ ಏರಿ ನಿಂತಾಗ ಗಾಳಿ ಮಾಸ್ತರರ ಟೊಪ್ಪಿಗೆಗೇ ಕೈ ಹಾಕಿತು. ಕೆಳಗೆ ಡಂಬಳದ ಕೆರೆ ಒಡೆದ ಕನ್ನಡಿಯ ಚೂರಿನಂತೆ ಹೊಳೆಯುತ್ತಿತ್ತು. ಸುತ್ತ ಎರೆಹೊಲ, ನಡುವೆ ತಮ್ಮ ಶಾಲೆ. ಅದು ಇಷ್ಟು ಸಣ್ಣದೇ ಎಂದುಕೊಳ್ಳುವಷ್ಟರಲ್ಲಿ ಕನ್ನಡಕ ಮಂಜಾಯಿತು. ಮೊಣಕಾಲೂರಿ, ಪುಸ್ತಕದವರಿಗಿಂತ ಜೋರಾಗಿಯೇ ಅತ್ತರು. ಮಾಸ್ತರರು ಗಂಟು ಬಿಚ್ಚಿ, ಫಾತೆಹಾ ಓದಿ, ಸಕ್ರಪ್ಪನವರ ಅಂಗೈಗೆ ಸಕ್ಕರೆ ಹಾಕಿದರು. ಹುಲ್ಲು ಕೊಯ್ಯುತ್ತಿದ್ದ ಹುಚ್ಚವ್ವ ಎಂಬ ಹೆಂಗಸನ್ನೂ ಕರೆದು ಉಳಿದದ್ದೆಲ್ಲ ಅವಳ ಸೆರಗಿಗೆ ಸುರಿದರು.

"ಏನ್ ಹರಕೀರಿ ಮಾಸ್ತರ?" ಕೇಳಿದಳು ಹುಚ್ಚವ್ವ.

"ತುದಿ ಮುಟ್ಟಿದೆನವ್ವಾ."

ಹುಚ್ಚವ್ವ ಸಕ್ಕರೆ ಬಾಯಿಗೆ ಹಾಕಿಕೊಂಡು ಕುಡುಗೋಲಿನಿಂದ ಹಿಂದಕ್ಕೆ ತೋರಿಸಿದಳು. "ತುದಿ ಅದಲ್ರಿ. ಇದು ನಮ್ಮ ದನಾ ಕುಂಡ್ರೋ ಜಾಗಾ."

ಹಿಂದೆ ನಿಜಕ್ಕೂ ಇನ್ನೊಂದು ನೆತ್ತಿ ಆರಾಮಾಗಿ ನಿಂತಿತ್ತು.

"ಈಗೇನ್ರಿ, ಅತ್ತದ್ದು ಜಮಾ ಹಿಡಿಯೋದೋ ಬಿಡೋದೋ?" ಎಂದರು ಸಕ್ರಪ್ಪ.

ಮಾಸ್ತರರು ಆ ನೆತ್ತಿಯನ್ನೂ ಹತ್ತಿದರು. ಖರೆ ತುದಿಯಲ್ಲಿ ಕಲ್ಲು, ಒಣಹುಲ್ಲು, ಆಡಿನ ಹಿಕ್ಕೆ. ಕೆರೆ ಇಲ್ಲಿಂದಲೂ ಕಾಣುತ್ತಿತ್ತು, ಆದರೆ ಅದನ್ನು ಆಗಲೇ ನೋಡಿಯಾಗಿತ್ತು. ಮಾಸ್ತರರು ಮೊಣಕಾಲೂರಿದರು, ಎದ್ದರು, ಮತ್ತೆ ಊರಿದರು. ಸಕ್ರಪ್ಪ ಸಂಕೋಚಪಟ್ಟು ಬೆನ್ನು ತಿರುಗಿಸಿ ನಿಂತರು, ಮುಂಡರಗಿ ಬಸ್ಸಿಗೆ ಕಾಯುವವರ ಹಾಗೆ.

"ಬಂತೇನ್ರಿ?"

"ಇನ್ನೂ ಇಲ್ಲ."

"ಸ್ವಲ್ಪ ತಡೀಲೇನು?"

"ಬ್ಯಾಡ್ರಿ. ಇಳಿಯೋಣ."

ಅಲ್ಮಾಸಬಿ ಬರಿಗೈ ನೋಡಿ ಹಿಗ್ಗಿದಳು. "ಅಂದ್ರ ಅಳು ಬಂತು."

"ಬಂತು. ಆದ್ರ ತುದಿಯಾಗ ಬರಲಿಲ್ಲ. ಹರಕಿ ತೀರೇತೋ ಇಲ್ಲೋ ಗೊತ್ತಾಗವಲ್ದು."

"ಸಕ್ರಿ ಅಂತೂ ತೀರೇತಿ," ಎಂದು ಅವಳು ಬೆಲ್ಲದ ಡಬ್ಬಿ ಹುಡುಕಹತ್ತಿದಳು.

ಮಾಸ್ತರರು ರಾತ್ರಿಯೆಲ್ಲ ಲೆಕ್ಕ ಹಾಕಿದರು. ಅಳು ಖರೆ, ಜಾಗ ತಪ್ಪು. ಜಾಗ ಖರೆಯಾದಲ್ಲಿ ಅಳುವೇ ಇಲ್ಲ. ಪುಸ್ತಕದವರಲ್ಲಿಯೂ ಎಷ್ಟು ಮಂದಿ ದನ ಕುಂಡ್ರುವ ಜಾಗದಲ್ಲಿ ಅತ್ತು, ತುದಿ ಎಂದು ಬರೆದರೋ! ಇದ್ಯಾವುದೂ ಸಕ್ರಪ್ಪನವರ ಗಣಿತಕ್ಕೂ ನಿಲುಕುವುದಲ್ಲ.

ಸೋಮವಾರ ಪಾಠ ಹಿಮಾಲಯಕ್ಕೆ ಬಂತು. ಮಕ್ಕಳು ಕನ್ನಡಕದತ್ತ ಕಣ್ಣಿಟ್ಟು ಕೂತರು. ಮಾಸ್ತರರು ಕನ್ನಡಕ ತೆಗೆಯಲಿಲ್ಲ. ಹಲಗೆಯ ಮೇಲೆ ಎರಡು ನೆತ್ತಿಯ ಗುಡ್ಡ ಬರೆದು, ರವಿವಾರ ನಡೆದದ್ದನ್ನು ಹುಚ್ಚವ್ವನ ಕುಡುಗೋಲು ಸಹಿತ ಹೇಳಿದರು. ಯಾರೂ ನಗಲಿಲ್ಲ, ಬರೆದುಕೊಳ್ಳಬೇಕೋ ಬೇಡವೋ ಎಂಬುದೇ ಅವರಿಗೆ ಚಿಂತೆಯಾಗಿತ್ತು.

ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ, ಗುಡ್ಡಾ ಹತ್ತಿದವ್ರು ಎಲ್ಲಿ ಅಳ್ತಾರ ಅಂತ ಪರೀಕ್ಷಾಕ್ಕ ಬಂದ್ರ, ಯಾವ ತುದಿ ಬರೀಬೇಕ್ರಿ?"

ಮಾಸ್ತರರು ಸೀಮೆಸುಣ್ಣದಿಂದ ಎರಡೂ ನೆತ್ತಿಗೆ ಒಂದೊಂದು ಗುರುತು ಹಾಕಿದರು.

"ಎರಡೂ ಬರೀರಿ," ಎಂದರು. "ಎರಡಕ್ಕೂ ಅರ್ಧರ್ಧ ಮಾರ್ಕ ಕೊಡತೇನಿ. ಖರೆ ಯಾವುದಂತ ನನಗ ತಿಳದ ಮ್ಯಾಲ ತಿದ್ದೋಣ."

ಎಂಬತ್ತಾರರಲ್ಲಿ ನಿವೃತ್ತರಾಗುವವರೆಗೂ ಅವರು ಅದನ್ನು ತಿದ್ದಲಿಲ್ಲ.