ಹತ್ತರಲ್ಲಿ ಏಳು ತಪ್ಪುವ ಒರಳಣ್ಣ

ನನ್ನ ಮೊಮ್ಮಗಳು ಚೆಂಡು ಹೊಡೆದಳು. ಅದನ್ನು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಮಾತೇ ಹೊರಡುವುದಿಲ್ಲ. ಅಮೆರಿಕದ ಹ್ಯೂಸ್ಟನ್ ಪಕ್ಕ ಮಗನ ಮನೆಯಿದ್ದ ಕೇಟಿ ಎಂಬ ಊರಿನ ಪಾರ್ಕಿನಲ್ಲಿ, ಶನಿವಾರ, ಎಲ್ಲರ ಕಣ್ಣೆದುರಿಗೇ ಹೊಡೆದಳು. ನಾನು ಬಿಟ್ಟ ಬಾಯಿ ಬಿಟ್ಟಂತೆಯೇ ಇದ್ದೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಅವಳಿಗೆ ಒಂಬತ್ತು. ಮಕ್ಕಳ ಬೇಸ್‌ಬಾಲ್ ತಂಡಕ್ಕೆ ಸೇರಿದಾಗಿನಿಂದ ಒಂದು ಚೆಂಡೂ ಅವಳ ಬ್ಯಾಟಿಗೆ ತಾಗಿರಲಿಲ್ಲ. ಶುಕ್ರವಾರ ಬ್ಯಾಟನ್ನು ಗ್ಯಾರೇಜಿಗೆ ಎಸೆದು ಬಂದು, "ಟುಮಾರೋ ಈಸ್ ಮೈ ಲಾಸ್ಟ್ ಗೇಮ್, ಅಜ್ಜಿ" ಅಂದಳು. ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಲಾಸ್ಟ್ ಅಂದರೆ ಏನೆಂದು ಗೊತ್ತಾಯಿತು. ನಾಳೆ ಆಡಿ ಆಟವನ್ನೇ ಬಿಟ್ಟುಬಿಡುತ್ತಾಳಂತೆ.

ಅವಳ ಕೋಣೆಯ ಗೋಡೆ ತುಂಬ ಹ್ಯೂಸ್ಟನ್ ತಂಡದ ಹೆಸರಾಂತ ಆಟಗಾರರ ಪಟಗಳು. ಅವರ ಹೆಸರಿಗೆ ನನ್ನ ನಾಲಿಗೆ ಹೊರಳುತ್ತಿರಲಿಲ್ಲ. ಸದಾ ಏನೋ ಜಗಿಯುತ್ತಿದ್ದವನನ್ನು ಎಲೆಯಡಿಕೆ ಅಣ್ಣ ಎಂದೂ, ಒರಳಿನ ಮುಂದೆ ರುಬ್ಬಲು ಕೂತವರ ಹಾಗೆ ಕಾಲು ಅಗಲಿಸಿ ಬಗ್ಗಿ ನಿಲ್ಲುವವನನ್ನು ಒರಳಣ್ಣ ಎಂದೂ ಕರೆಯುತ್ತಿದ್ದೆ. ಬರಬರುತ್ತಾ ಅವಳ ಬಾಯಲ್ಲೂ ಅದೇ ಹೆಸರು ನಿಂತಿತು.

ಆ ಸಂಜೆ ಟೀವಿಯಲ್ಲಿ ಒರಳಣ್ಣ ಮೂರು ಸಲ ಬಂದ, ಮೂರು ಸಲವೂ ಏನೂ ಹೊಡೆಯದೆ ಹಿಂತಿರುಗಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಇದೇನೋ, ಹೊಡೀದೇ ಇರೋನಿಗೆ ಚಪ್ಪಾಳೆ?" ಎಂದು ಮಗನನ್ನು ಕೇಳಿದೆ.

"ಈ ಆಟದಲ್ಲಿ ಹತ್ತಕ್ಕೆ ಮೂರು ಸಲ ಹೊಡೆದ್ರೆ ಮಹಾಶೂರ ಕಣಮ್ಮ. ಉಳಿದ ಏಳು ಸಲ ತಪ್ಪೇ ತಪ್ಪುತ್ತೆ."

"ಒರಳಣ್ಣನಿಗೂನಾ?"

"ಅವನಿಗೂ."

ನಾನು ದಂಗಾದೆ. ಹತ್ತರಲ್ಲಿ ಏಳು ದೋಸೆ ಸೀಯಿಸಿದ್ದರೆ ನಮ್ಮತ್ತೆ ನನ್ನನ್ನು ತವರಿಗೆ ಅಟ್ಟುತ್ತಿದ್ದರು.

"ಕೇಳಿಸ್ಕೊಂಡ್ಯೇನೇ?" ಎಂದು ಮೊಮ್ಮಗಳ ಕಡೆ ತಿರುಗಿದೆ. ಅವಳು ಟೀವಿಯನ್ನೇ ನೋಡುತ್ತಿದ್ದಳು.

ಮರುದಿನ ಆಟದಲ್ಲಿ ಅವಳ ಕೊನೆಯ ಸರದಿ ಬಂತು. ಮೊದಲೆರಡು ಚೆಂಡಿಗೂ ಬರೀ ಗಾಳಿಯಲ್ಲಿ ಬ್ಯಾಟು ಬೀಸಿದಳು. ಮೂರನೆಯದೂ ತಪ್ಪಿದರೆ ಮುಗಿಯಿತು. ಕೂತಲ್ಲಿ ಕೂರಲಾಗದೆ ಎದ್ದು, "ಒರಳಣ್ಣ ಕಣೇ, ಒರಳಣ್ಣ" ಎಂದು ಕೂಗಿದೆ. ಸುತ್ತಲಿನವರೆಲ್ಲ ತಿರುಗಿ ನೋಡಿದರು.

"ಅಮ್ಮ, ಕೂತ್ಕೋ. ಮಾನ ಹೋಗುತ್ತೆ" ಎಂದ ಮಗ.

ಅಲ್ಲಿದ್ದ ಅಷ್ಟು ಜನರಲ್ಲಿ ಅದು ಅರ್ಥವಾಗಬೇಕಾದವಳಿಗೆ ಅರ್ಥವಾಯಿತು. ಕಾಲು ಅಗಲಿಸಿದಳು, ಬಗ್ಗಿದಳು. ಟಣ್ ಎಂದಿತು. ಚೆಂಡು ಎದುರಿನ ಹುಡುಗರ ತಲೆ ಮೇಲೆ ಹಾರಿತು. ನನಗಿಂತ ಅವಳಿಗೇ ಹೆಚ್ಚು ಗಾಬರಿ. ಓಡುವುದನ್ನು ಮರೆತು ನನ್ನನ್ನೇ ನೋಡುತ್ತಾ ನಿಂತಳು.

"ನನ್ನನ್ನೇನು ನೋಡ್ತೀಯ, ಓಡೇ" ಎಂದೆ. ಓಡಿ ಮೊದಲ ಬೇಸಿನ ಬಿಳಿ ಚೌಕ ಮುಟ್ಟಿದಳು. ತಂಡ ಸೋತಿದ್ದು ನನಗೆ ತಿಳಿದದ್ದು ಮನೆಗೆ ಬಂದ ಮೇಲೆ.

ಸಂಜೆ ದೋಸೆ ಹುಯ್ಯುತ್ತಾ ಸೊಸೆಗೆ ಅದನ್ನೇ ಮತ್ತೆ ಹೇಳುತ್ತಿದ್ದೆ. ಹೇಳುವ ಭರದಲ್ಲಿ ಒಂದು ಕರಕಲಾಯಿತು. ಸೊಸೆ ಎಸೆಯಹೋದಳು. ಬ್ಯಾಟನ್ನು ಕುರ್ಚಿಗೆ ಒರಗಿಸಿಕೊಂಡು ಊಟಕ್ಕೆ ಕೂತಿದ್ದ ಮೊಮ್ಮಗಳು ತಟ್ಟೆ ಚಾಚಿದಳು.

"ಇನ್ನೂ ಆರು ಸೀದ್ರೂ ಪರ್ವಾಗಿಲ್ಲ ಅಜ್ಜಿ" ಅಂದಳು, ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ. ನನ್ನ ಕೈಯ ಸೌಟು ಹಾಗೇ ನಿಂತಿತು.

ಮಗ ಒಲೆ ಆರಿಸಿ ನನ್ನನ್ನೂ ಕೂರಿಸಿದ. ಆ ಕರಕಲು ದೋಸೆಯನ್ನು ಅವಳು ನಾಲ್ಕು ತುಂಡು ಮಾಡಿದಳು. ನಾಲ್ವರೂ ಚಟ್ನಿಗೆ ಅದ್ದಿಕೊಂಡು ತಿಂದೆವು.