ಚಿಪ್ಪಿನ ಪೈಲ್ವಾನರು

ಪಕ್ಕದ ಮನೆಯ ಹುಡುಗಿ ಬಾಣಂತನಕ್ಕೆ ಬಂದಿದ್ದಾಳೆ. ಗ್ಯಾಸಿನಲ್ಲಿ ಕಾಯಿಸಿದ ನೀರು ಬಾಣಂತಿ ಮೈಗೆ ಹಿಡಿಯುವುದಿಲ್ಲವೆಂದು ಅವಳ ತಾಯಿ ಹಿತ್ತಿಲಲ್ಲಿ ಕಲ್ಲು ಹೂಡಿ, ಹಂಡೆ ಇಟ್ಟು, ತೆಂಗಿನ ಚಿಪ್ಪು ಉರಿಸುತ್ತಾರೆ. ಶೆಟ್ಟಿಹಳ್ಳಿಯ ಈ ಒತ್ತೊತ್ತು ಮನೆಗಳ ನಡುವೆ ಹೊಗೆ ಹೋಗುವುದಾದರೂ ಎಲ್ಲಿಗೆ? ನೇರ ನಮ್ಮ ಅಡುಗೆಮನೆ ಕಿಟಕಿಗೇ ಬರುತ್ತದೆ. ಮೊದಲ ದಿನ ಬಂದಾಗ ನಾನು ಮುದ್ದೆಗೆ ಹಿಟ್ಟು ಹಾಕಿದ್ದೆ. ಚಿಪ್ಪಿನ ಹೊಗೆ ಸೌದೆ ಹೊಗೆಯ ಹಾಗಲ್ಲ. ಎಣ್ಣೆಯ ಜಿಡ್ಡು, ಸ್ವಲ್ಪ ಸಿಹಿ, ಬಂದು ಗಂಟಲಲ್ಲಿ ಕೂತುಬಿಡುತ್ತದೆ. ಕೋಲು ಕೈಬಿಟ್ಟು ಹೊರಗೆ ಮೆಟ್ಟಿಲ ಮೇಲೆ ಕೂತೆ. ಮುದ್ದೆ ಗಂಟುಗಂಟಾಯಿತು. ಊಟಕ್ಕೆ ಕೂತ ಮನೆಯವರು "ಏನಾಯ್ತೇ ಇವತ್ತು?" ಅಂದರು. "ಹೊಗೆ" ಅಂದೆ.

ಹೊಗೆಯಲ್ಲ. ಅಣ್ಣ...

ನಾವು ಗುಬ್ಬಿಯವರು. ಅಪ್ಪ ಬೇಗ ಹೋದರು. ಅವ್ವ ಕೊಬ್ಬರಿ ಶೆಡ್ಡಿನ ಕೆಲಸಕ್ಕೆ ಹೋಗುತ್ತಿದ್ದಳು. ಅಣ್ಣ ಮೀಸೆ ಮೂಡುವ ಮೊದಲೇ ಅವಳ ಹಿಂದೆ ಶೆಡ್ಡಿಗೆ ಹೋದ. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಮನೆ ನೋಡಿಕೊಂಡೆ. ಶೆಡ್ಡಿನಲ್ಲಿ ಕೆಲಸವೆಂದರೆ, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿಯ ಚಿಪ್ಪನ್ನು ಕತ್ತಿಯಲ್ಲಿ ತಟ್ಟಿ ಬಿಡಿಸಿ, ಒಳಗಿನ ಕೊಬ್ಬರಿಯನ್ನು ಒಡೆಯದಂತೆ ಇಡಿಯಾಗಿ ತೆಗೆಯುವುದು. ಎಲ್ಲರ ಕೈಯಲ್ಲೂ ಚಿಪ್ಪು ಚೂರುಚೂರಾಗುತ್ತಿತ್ತು. ಅಣ್ಣ ಮನಸ್ಸು ಮಾಡಿದರೆ ಸರಿಯಾಗಿ ಎರಡು ಹೋಳಾಗುವಂತೆ ತಟ್ಟುತ್ತಿದ್ದ. ಅಂಥವನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ತರುತ್ತಿದ್ದ. ಅವ್ವ ಒಲೆಗೆಂದು ಕೈ ಹಾಕಿದರೆ ಕೂಗಾಡುತ್ತಿದ್ದ. ಅವು ಒಲೆಗಲ್ಲ. ಅವು ಪೈಲ್ವಾನರು.

ಎದುರುಮನೆಯವರ ಟೀವಿಯಲ್ಲಿ ಫಾರಿನ್ ಕುಸ್ತಿ ಬರುತ್ತಿತ್ತು. ಬಾಗಿಲ ಹತ್ತಿರ ಕೂತು ನೋಡಲು ಬಿಡುತ್ತಿದ್ದರು. ದೀಪ, ಹೊಗೆ, ಸಾವಿರಾರು ಜನ, ಚಡ್ಡಿ ಹಾಕಿದ ದೈತ್ಯರು ಹಗ್ಗದ ಮೇಲಿಂದ ಹಾರಿ ಬೀಳುವುದು. ಮಾತೆಲ್ಲ ಇಂಗ್ಲಿಷು. ಯಾರ ಮೇಲೆ ಯಾರಿಗೆ ಏನು ಕೋಪ, ನಮಗೆ ಒಂದಿಷ್ಟೂ ತಿಳಿಯುತ್ತಿರಲಿಲ್ಲ. ಹೆಸರುಗಳು ನಾಲಿಗೆಗೆ ಹೊರಳುತ್ತಿರಲಿಲ್ಲ. ನಾವೇ ಇಟ್ಟೆವು: ಜಡೆಯಪ್ಪ, ದೊಡ್ಡಬೋಡ, ಪಟ್ಟೆಚಡ್ಡಿ, ಗೂಳಿ, ಹಲ್ಲಿಲ್ಲದ ಮಾಮ.

ಆ ಕುಸ್ತಿಯಲ್ಲಿ ವರ್ಷಕ್ಕೊಂದು ದೊಡ್ಡ ಆಟ. ಯುಗಾದಿಯ ಆಸುಪಾಸಿಗೆ ಬರುತ್ತಿತ್ತು. ಆ ದಿನ ಯಾರಿಗೆ ಯಾರು ಎದುರು ನಿಲ್ಲಬೇಕು ಎನ್ನುವುದನ್ನು ಅಣ್ಣ ಹದಿನೈದು ದಿನ ಮೊದಲೇ ಅಂಗಳದಲ್ಲಿ ಕೂತು ತೀರ್ಮಾನ ಮಾಡುತ್ತಿದ್ದ. ಒಂದೊಂದು ಚಿಪ್ಪಿಗೆ ಮಸಿಯಲ್ಲಿ ಒಂದೊಂದು ಗುರುತು: ಜಡೆಯಪ್ಪನಿಗೆ ಉದ್ದ ಗೀಟು, ಪಟ್ಟೆಚಡ್ಡಿಗೆ ಅಡ್ಡ ಗೀಟು. ಬೋಡನ ಚಿಪ್ಪನ್ನು ಮಾತ್ರ ಗಾಜಿನ ಚೂರಿನಿಂದ ಕೆರೆದು ನುಣ್ಣಗೆ ಮಾಡಿದ್ದ. ಎರಡೆರಡು ಚಿಪ್ಪು ಎದುರುಬದುರು ಇಟ್ಟು ಸಾಲು ಮಾಡುತ್ತಿದ್ದ. ನಮ್ಮ ಕಡೆ ಮಟ್ಟಿ ಕುಸ್ತಿಯಲ್ಲಿ ಹಿರಿಯರು ಜೋಡಿ ಕಟ್ಟುತ್ತಾರಲ್ಲ, ಅದೇ ಮಾತನ್ನು ಇದಕ್ಕೂ ಅನ್ನುತ್ತಿದ್ದ. "ಬಾರೇ, ಈ ವರ್ಷದ ಜೋಡಿ ಕಟ್ಟಾಣ."

ಜೋಡಿ ಅವನದು. ಜಗಳದ ಕಾರಣ ನನ್ನದು. ನಾನು ಕಾರಣ ಹೇಳದೆ ಯಾವ ಜೋಡಿಯೂ ಸಾಲಿಗೆ ಸೇರುತ್ತಿರಲಿಲ್ಲ.

"ಜಡೆಯಪ್ಪನ ಎಮ್ಮೆ ಬೋಡನ ಹುರುಳಿ ಹೊಲ ಮೇಯ್ತು" ಅನ್ನುತ್ತಿದ್ದೆ.

"ಎಮ್ಮೆ ಜಗಳ ಮೊದಲ್ನೇ ಜೋಡಿಗೆ ಸಾಕು. ಮುಂದುಕ್ಕೆ ಹೇಳು."

"ಪಟ್ಟೆಚಡ್ಡಿ ತಂಗಿ ಮದ್ವೇಲಿ ಗೂಳಿ ಎಲೆಗೆ ಎರಡ್ನೇ ಸಲ ಪಾಯಸ ಬಡಿಸ್ಲಿಲ್ಲ."

"ಥೂ, ಪಾಯಸಕ್ಕೆ ಯಾವನೇ ಹಗ್ಗದ್ ಮೇಲಿಂದ ಹಾರ್ತಾನೆ!" ಎಂದು ನಗುತ್ತಿದ್ದ. ಆಮೇಲೆ ಸ್ವಲ್ಪ ಹೊತ್ತು ಯೋಚಿಸಿ, "ಗೂಳಿ ಹಾರ್ತಾನೆ ಬುಡು. ಊಟದ್ ವಿಷ್ಯ" ಎಂದು ಒಪ್ಪುತ್ತಿದ್ದ.

ಕೊನೆಯ ಜೋಡಿಗೆ ಮಾತ್ರ ಅವನು ಸುಲಭಕ್ಕೆ ಒಪ್ಪುತ್ತಿರಲಿಲ್ಲ. "ಕೊನೇದುಕ್ಕೆ ಹೊರಗಿನ್ ಜಗಳ ಆಗಾಕಿಲ್ಲ ಕಣೇ. ಒಂದೇ ತಟ್ಟೇಲಿ ಉಂಡೋನು ಕೈ ಬಿಟ್ಟಿರ್ಬೇಕು. ಆಗ್ಲೇ ಜನ ಎದ್ದೋಗ್ದೆ ಕೂರೋದು." ಇನ್ನೊಂದು ಕಟ್ಟಳೆಯೂ ಇತ್ತು. ಒಂದೇ ಕಾಯಿಯ ಎರಡು ಹೋಳನ್ನು ಎದುರುಬದುರು ಇಡಬಾರದು. ಯಾಕೆಂದು ನಾನು ಕೇಳಲೂ ಇಲ್ಲ, ಅವನು ಹೇಳಲೂ ಇಲ್ಲ. ಇಡುವ ಮೊದಲು ಅಂಚಿಗೆ ಅಂಚು ಕೂಡಿಸಿ ನೋಡುತ್ತಿದ್ದ. ಕೂಡಿದರೆ ಒಂದನ್ನು ಸಾಲಿನ ಆ ತುದಿಗೆ ಕಳಿಸುತ್ತಿದ್ದ.

ದೊಡ್ಡ ಆಟದ ದಿನ ಟೀವಿಯವರು ಕಟ್ಟಿದ ಜೋಡಿಯೇ ಬೇರೆ ಇರುತ್ತಿತ್ತು. ಅಣ್ಣನಿಗೆ ಬೇಜಾರೇ ಇಲ್ಲ. "ಅವ್ರಿಗೆ ತಿಳೀಲಿಲ್ಲ ಬುಡು" ಅನ್ನುತ್ತಿದ್ದ.

ನನ್ನನ್ನು ಕುಣಿಗಲಿಗೆ ಕೊಟ್ಟರು. ಯಜಮಾನರು ಬಸ್ ಡ್ರೈವರ್. ಆಮೇಲೆ ಅವ್ವ ತೀರಿಕೊಂಡಳು. ಅಣ್ಣ ಮದುವೆಯಾಗಲಿಲ್ಲ, ಶೆಡ್ಡಿನ ಪಕ್ಕದಲ್ಲೇ ಒಂದು ರೂಮು ಹಿಡಿದ. ಆದರೂ ಪ್ರತಿ ವರ್ಷ ಯುಗಾದಿಗೆ ಮುಂಚೆ ಚೀಲ ಹೆಗಲಿಗೆ ಹಾಕಿಕೊಂಡು ಕುಣಿಗಲಿಗೆ ಬರುತ್ತಿದ್ದ. ಚೀಲದ ಮೇಲೆ ನನಗೆ ಕಾಯಿ, ತಳದಲ್ಲಿ ಪೈಲ್ವಾನರು. ಅತ್ತೆ ಮಲಗಿದ ಮಧ್ಯಾಹ್ನ ಹಿತ್ತಿಲಿನಲ್ಲಿ ಕೂತು ಜೋಡಿ ಕಟ್ಟುತ್ತಿದ್ದೆವು. ಆ ಮನೆಯಲ್ಲಿ ನಾನು ಬಾಯಿ ಬಿಟ್ಟು ನಗುತ್ತಿದ್ದುದು ಆಗ ಮಾತ್ರ. ಅದನ್ನು ಅವನಿಗೆ ಹೇಳಿರಲಿಲ್ಲ. ಈಗ ಹೇಳುತ್ತಿದ್ದೇನೆ, ಕೇಳಲು ಅವನಿಲ್ಲ.

ಆಮೇಲೆ ನಾವು ತುಮಕೂರಿಗೆ ಬಂದೆವು. ಶೆಟ್ಟಿಹಳ್ಳಿಯಲ್ಲಿ ಈ ಮನೆ ಕಟ್ಟಿಸಿದೆವು. ಗೃಹಪ್ರವೇಶಕ್ಕೆ ಕುಣಿಗಲ್ ಕಡೆಯ ನೆಂಟರೆಲ್ಲ ಬಂದಿದ್ದರು. ನಾನು ಹೊಸ ರೇಷ್ಮೆ ಸೀರೆಯುಟ್ಟು ಅರಿಶಿನ ಕುಂಕುಮದ ತಟ್ಟೆ ಹಿಡಿದು ಓಡಾಡುತ್ತಿದ್ದೆ. ಅಣ್ಣ ಹಿಂದಿನ ದಿನವೇ ಬಂದು ಅಡುಗೆಯವರಿಗೆ ಕಾಯಿ ಸುಲಿದು, ಒಡೆದು, ತುರಿದುಕೊಟ್ಟಿದ್ದ. ಶಾಮಿಯಾನದ ಹಿಂದೆ ಚಿಪ್ಪಿನ ಗುಡ್ಡೆ ಬಿದ್ದಿತ್ತು. ಯುಗಾದಿ ಹತ್ತಿರವಿತ್ತು. ಅಣ್ಣನ ಕೈ ಸುಮ್ಮನಿರಲಿಲ್ಲ.

ನಾನು ನೋಡುವಷ್ಟರಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸಾಲು ಹಾಕಿದ್ದ. ಸುತ್ತ ದೊಡ್ಡವರೂ ಸೇರಿದ್ದರು. ನನ್ನ ನಾದಿನಿಯ ಗಂಡ ಹೈಸ್ಕೂಲ್ ಮೇಷ್ಟ್ರು, ಬಾಯಿಯಲ್ಲಿ ಎಲೆಅಡಿಕೆ ಹಾಕಿಕೊಂಡು ನಿಂತಿದ್ದರು.

"ಏನ್ ಭಾವ, ಇನ್ನೂ ಚಿಪ್ಪಿನಾಟ ಬುಟ್ಟಿಲ್ವಾ?" ಅಂದರು.

"ಟೀವಿ ಕುಸ್ತಿ ದೊಡ್ ಆಟಕ್ಕೆ ಜೋಡಿ ಕಟ್ತಾ ಇದೀನಿ, ಮೇಷ್ಟ್ರೇ."

"ಅಯ್ಯೋ, ಅದೆಲ್ಲಾ ಡೂಪು ಕಣ್ರೀ! ಗೆಲ್ಲೋದು ಸೋಲೋದು ಮೊದ್ಲೇ ಮಾತಾಡ್ಕೊಂಡಿರ್ತಾರೆ."

ಅಣ್ಣನ ಮುಖ ಒಂದಿಷ್ಟೂ ಸಣ್ಣದಾಗಲಿಲ್ಲ. "ಡೂಪು ಅಂತ ನಂಗೂ ಗೊತ್ತು. ಕೂತ್ಕೊಂಡು ಕಟ್ಟಿರೋ ಆಟ ತಾನೇ? ಅದುಕ್ಕೇ ನಾವೂ ಕಟ್ಬೋದು" ಅಂದ. ಜನ ನಕ್ಕರು. ಅವನೂ ನಕ್ಕ. ಅಷ್ಟರಲ್ಲಿ ತಟ್ಟೆ ಹಿಡಿದು ನಿಂತಿದ್ದ ನನ್ನನ್ನು ಕಂಡ. ಅವನ ಮುಖ ಅರಳಿದ್ದು ಈಗಲೂ ಕಣ್ಣ ಮುಂದಿದೆ. "ನಮ್ ತಂಗೀನೇ ಕೇಳಿ. ಜಗಳಕ್ಕೆಲ್ಲಾ ಕಾರಣ ಹೇಳೋಳು ಅವ್ಳೇ. ಬಾರೇ, ಕೊನೇ ಜೋಡಿ ಒಂದು ಉಳ್ಕೊಂಡದೆ. ಹೇಳು."

ಎಲ್ಲರೂ ನನ್ನ ಕಡೆ ತಿರುಗಿದರು. ಅತ್ತೆ ಇದ್ದರು. ಹೊಸ ಬೀದಿಯವರು ಇದ್ದರು. ಮೇಷ್ಟ್ರು "ಹೌದೇನಕ್ಕಾ? ನೀವೂ ಕುಸ್ತಿನಾ?" ಅಂದರು.

ನಾನು, "ನಂಗೇನ್ ಗೊತ್ತು? ಅವನು ಮೊದ್ಲಿಂದ್ಲೂ ಹಂಗೇ. ತಲೆ ಸ್ವಲ್ಪ ಕಮ್ಮಿ" ಅಂದೆ.

ನಗು ಎದ್ದಿತು. ಅದರಲ್ಲಿ ನನ್ನದೂ ಇತ್ತು.

ಅಣ್ಣ ಬಗ್ಗಿ ಸಾಲಿನಲ್ಲಿದ್ದ ಚಿಪ್ಪನ್ನು ಒಂದೊಂದಾಗಿ ಎತ್ತಿಕೊಂಡ. ಮಕ್ಕಳ ಕೈಯಲ್ಲಿದ್ದ ಚಿಪ್ಪನ್ನೂ ಮೆಲ್ಲಗೆ ಇಸಿದುಕೊಂಡು, ಎಲ್ಲವನ್ನೂ ಪಂಚೆಯ ಮಡಿಲಿಗೆ ತುಂಬಿಕೊಂಡು ಅಡುಗೆಯವರ ಹತ್ತಿರ ಹೋದ. "ಒಲೆಗಾಯ್ತವೆ, ಹಾಕ್ಕಳಿ" ಅಂದ. ಅನ್ನದ ಕೊಪ್ಪರಿಗೆಯ ಕೆಳಗೆ ಅವು ಭಗ್ಗನೆ ಹತ್ತಿಕೊಂಡವು. ಆ ಹೊಗೆ ಶಾಮಿಯಾನದ ತುಂಬ ಬಂತು. ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಕುಂಕುಮ ಕೊಡುತ್ತಾ ಹೋದೆ...

ಊಟದ ಪಂಕ್ತಿಯಲ್ಲಿ ಅವನೇ ನಿಂತು ಎಲ್ಲರಿಗೂ ಬಡಿಸಿದ. ಮೇಷ್ಟ್ರ ಎಲೆಗೂ ಎರಡನೇ ಸಲ ಪಾಯಸ ಹಾಕಿದ. ಹೊರಡುವಾಗ "ಮನೆ ಚೆನ್ನಾಗದೆ ಕಣೇ" ಅಂದ. ಬೇಜಾರಾಗಿಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು.

ಮುಂದಿನ ಯುಗಾದಿಗೂ ಬಂದ. ಚೀಲ ಸುರಿದರೆ ಬರೀ ಕೊಬ್ಬರಿ. ಚಿಪ್ಪೆಲ್ಲ ಬಿಡಿಸಿ, ಇಡಿ ಇಡಿ ಕೊಬ್ಬರಿ ತಂದಿದ್ದ. "ನಿಂಗೆ ಒಡೆಯೋ ಕೆಲ್ಸ ತಪ್ಪಲಿ ಅಂತ" ಅಂದ. ಚೀಲದ ತಳ ಖಾಲಿ. ನನಗೆ ತಿಳಿಯಿತು. ತಿಳಿದೂ "ಒಳ್ಳೇದಾಯ್ತು ಬುಡಣ್ಣ" ಅಂದೆ. ಅದರ ಮುಂದಿನ ವರ್ಷವೂ ಕೊಬ್ಬರಿಯೇ. ಅದರ ಮುಂದಿನ ವರ್ಷವೂ. ಬಂದು ಕಾಫಿ ಕುಡಿದು, ಮಳೆ, ಬಸ್ಸು, ಮಂಡಿ ನೋವು ಎಂದು ಮಾತಾಡಿ ಹೋಗುತ್ತಿದ್ದ. ಅವನು ಗೇಟು ದಾಟುವವರೆಗೂ ನನ್ನ ಬಾಯಲ್ಲಿ ಒಂದು ಮಾತು ಇರುತ್ತಿತ್ತು. "ಈ ಸಲ ಯಾರ್ ಜೋಡಿ ಅಣ್ಣ?" ಅಷ್ಟೇ. ಅದೊಂದು ಕೇಳಿದ್ದರೆ ಸಾಕಿತ್ತು. ಅಂದು ಜನರೆದುರು ಆಡಿದ್ದು ಒಂದು ಗಳಿಗೆಯ ತಪ್ಪು ಎನ್ನಬಹುದು. ಆಮೇಲೆ ಕೇಳದೆ ಇದ್ದ ವರ್ಷಗಳಿಗೆ ಏನೆನ್ನಲಿ? ಕೇಳಿದರೆ ಆ ದಿನದ ಮಾತು ಎದ್ದು ಬರುತ್ತದೆ, ತಪ್ಪಾಯ್ತು ಅನ್ನಬೇಕಾಗುತ್ತದೆ. ಅದಕ್ಕೆ ಹೆದರಿದೆ.

ಹೋದ ಚಳಿಗಾಲದಲ್ಲಿ, ಶೆಡ್ಡಿನಲ್ಲಿ ಕೆಲಸ ಮಾಡುತ್ತಲೇ ಎದೆ ಹಿಡಿದುಕೊಂಡು ಕೂತನಂತೆ. ತುಮಕೂರಿಗೆ ಕರೆತರುವ ದಾರಿಯಲ್ಲೇ ಮುಗಿದಿತ್ತು.

ಕಾರ್ಯವೆಲ್ಲ ಮುಗಿದ ಮೇಲೆ ಅವನ ರೂಮು ಖಾಲಿ ಮಾಡಲು ನಾನೇ ಹೋದೆ. ಮಂಚದ ಕೆಳಗೆ ನೋಡಿದೆ, ಅಟ್ಟದ ಮೇಲೆ ನೋಡಿದೆ. ಎಲ್ಲಾದರೂ ಗೀಟು ಹಾಕಿದ ಚಿಪ್ಪು ಸಿಕ್ಕೀತು, ನನಗೆ ಹೇಳದಿದ್ದರೂ ಅವನ ಪಾಡಿಗೆ ಅವನು ಆಡಿಕೊಂಡಿದ್ದಾನು ಎಂಬ ಆಸೆ. ಒಂದೂ ಇರಲಿಲ್ಲ. ಅವನ ಜೊತೆ ವರ್ಷಾನುಗಟ್ಟಲೆ ಕೂತು ಕೊಬ್ಬರಿ ಸುಲಿದ ಹೆಂಗಸನ್ನು ಕೇಳಿದೆ, ಅಣ್ಣ ಕುಸ್ತಿ ವಿಚಾರ ಮಾತಾಡುತ್ತಿದ್ದನೇ ಎಂದು.

"ಕುಸ್ತೀನಾ? ಯಾವ್ ಕುಸ್ತಿ ತಾಯಿ? ಅವಪ್ಪಂದು ಮಾತೇ ಕಮ್ಮಿ" ಅಂದಳು. ಆಮೇಲೆ ಏನೋ ನೆನಪಾಗಿ, "ಒಂದ್ ಕಾಲ್ದಲ್ಲಿ ಚಿಪ್ಪು ಆರಿಸ್ಕೊಂಡು ಓಗ್ತಿದ್ದ. ಆಮೇಕೆ ಯಾಕೋ ಅವ್ನೂ ನಮ್ಮಂಗೇ ಚೂರು ಮಾಡಕ್ಕೆ ಸುರು ಮಾಡ್ದ" ಅಂದಳು.

ಇದು ಅವನಿಲ್ಲದ ಮೊದಲ ಯುಗಾದಿ. ದೊಡ್ಡ ಆಟ ಈಗ ಫೋನಿನಲ್ಲೇ ಬರುತ್ತದೆ. ಯಜಮಾನರ ಫೋನಿನಲ್ಲಿ ಹಾಕಿಕೊಂಡು ನೋಡಿದೆ. ಜಡೆಯಪ್ಪ, ಬೋಡ ಯಾರೂ ಇಲ್ಲ. ಎಲ್ಲ ಹೊಸ ಹುಡುಗರು. ಈಗಲೂ ಮಾತು ತಿಳಿಯುವುದಿಲ್ಲ. ಸ್ವಲ್ಪ ಹೊತ್ತಿಗೇ ಆರಿಸಿಬಿಟ್ಟೆ.

ನಿನ್ನೆ ಮಧ್ಯಾಹ್ನ ಪಕ್ಕದ ಮನೆಯ ಗುಡ್ಡೆಯಿಂದ ಒಂದಷ್ಟು ಚಿಪ್ಪು ಕೇಳಿ ತಂದು ಅಂಗಳದಲ್ಲಿ ಹರಡಿಕೊಂಡು ಕೂತೆ. ಯಾವುದರ ಎದುರು ಯಾವುದು ಇಡಬೇಕೋ ತೋಚಲಿಲ್ಲ. ಜಗಳದ ಕಾರಣ ಈಗಲೂ ಎಷ್ಟು ಬೇಕಾದರೂ ಹೇಳಬಲ್ಲೆ. ಅವನು ಕೇಳುತ್ತಿದ್ದನಲ್ಲ, ಕೊನೆಯ ಜೋಡಿಗೆ ತಕ್ಕ ಕಾರಣ, ಒಂದೇ ತಟ್ಟೆಯಲ್ಲಿ ಉಂಡವರು ಕೈ ಬಿಟ್ಟದ್ದು... ಅದೂ ಇದೆ ನನ್ನ ಹತ್ತಿರ. ಜೋಡಿ ಕಟ್ಟಲು ಮಾತ್ರ ಬರುವುದಿಲ್ಲ. ಅದು ಅವನ ಕೆಲಸ. ಒಂದನ್ನು ತೆಗೆದು ಇನ್ನೊಂದರ ಅಂಚಿಗೆ ಇಟ್ಟೆ, ಕೂಡಲಿಲ್ಲ. ಮತ್ತೊಂದಕ್ಕೆ ಇಟ್ಟೆ. ಅದೂ ಕೂಡಲಿಲ್ಲ.

ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಬಗ್ಗಿ, "ಏನಕ್ಕಾ ಅದು? ಚಿಪ್ಪು ಹರಡ್ಕೊಂಡು ಕೂತಿದೀರಾ" ಅಂದರು.

"ಕುಸ್ತಿ" ಅಂದೆ. "ನಾನೂ ನಮ್ಮಣ್ಣನೂ ಆಡ್ತಿದ್ದಿದ್ದು."

ಆಕೆ ನಕ್ಕರು. "ಹಂಗಾದ್ರೆ ಯಾರ್ ಗೆದ್ರು ಹೇಳಿ?"

"ಇನ್ನೂ ಜೋಡೀನೇ ಆಗಿಲ್ಲ ಕಣಮ್ಮ" ಅಂದೆ.

ಆಕೆ ಒಳಗೆ ಹೋದರು. ಸಂಜೆ ಹಂಡೆಯ ಕೆಳಗೆ ಬೆಂಕಿ ಹಾಕುವ ಹೊತ್ತಾಯಿತು, ಹೊಗೆ ಬಂತು. ಕಿಟಕಿ ಮುಚ್ಚಲಿಲ್ಲ. ಚಿಪ್ಪುಗಳನ್ನು ವಾಪಸ್ಸು ಕೊಡಲೂ ಇಲ್ಲ. ಅಂಗಳದಲ್ಲಿ ಹಾಗೇ ಬಿದ್ದಿವೆ, ಒಂದೊಂದೂ ಒಂಟಿಯಾಗಿ.