ಊರು ಹೇಳದ ಸಾಹೇಬರು

ಸೋಮವಾರ ಬೆಳಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷಕ್ಕೆ ನನ್ನ ಹೆಂಡತಿ ಸಾವಿತ್ರಿ, ಮದ್ದೂರಿನ ನಮ್ಮ ಮನೆಯ ಸೋಫಾದ ಮೇಲೆ, ಅವರೆಕಾಯಿ ಸುಲಿಯುತ್ತಾ ಬಂಧನಕ್ಕೊಳಗಾದಳು. ಬಂಧಿಸಿದವರು ಫೋನಿನ ಪರದೆಯೊಳಗಿದ್ದರು. ಖಾಕಿ ಅಂಗಿ, ದಪ್ಪ ಮೀಸೆ, ಬೆನ್ನ ಹಿಂದೆ ಬಾವುಟ. ಅವಳ ಹೆಸರಿನ ಪಾರ್ಸೆಲ್ಲಿನಲ್ಲಿ ಗಾಂಜಾ ಸಿಕ್ಕಿದೆಯಂತೆ, ಕರೆ ಕತ್ತರಿಸಿದರೆ ಜೈಲಂತೆ. ತನಿಖೆ ಮುಗಿಯುವವರೆಗೆ ಬ್ಯಾಂಕಿನಲ್ಲಿರುವುದನ್ನೆಲ್ಲ ಅವರು ಹೇಳಿದ ಖಾತೆಗೆ ಹಾಕಬೇಕಂತೆ. ಬ್ಯಾಂಕಿನಲ್ಲಿದ್ದದ್ದು ಅವಳ ಮಂಡಿ ಆಪರೇಷನ್ನಿಗೆ ಕೂಡಿಟ್ಟ ಹಣ.

ಪಕ್ಕದಲ್ಲಿದ್ದ ನಾನೇನು ಮಾಡಿದೆ? ಹೇಳಲು ಈಗಲೂ ನಾಚಿಕೆ. ಬನಿಯನ್ನಿನ ಮೇಲೆ ಅಂಗಿ ತೊಟ್ಟು, ಗುಂಡಿ ಹಾಕಿಕೊಂಡು, ಎದ್ದು ನಿಂತೆ. ಮಂಡ್ಯದ ಕಾಲೇಜಿನಲ್ಲಿ ಓದಿದವನು "ತಿಂಡಿ ಆಯ್ತಾ ಸಾರ್?" ಎಂದೂ ಕೇಳಿದೆ. ಸಾಹೇಬರು ಗದರಿದರು. ಸಾವಿತ್ರಿ ಅವರೆಕಾಯಿ ಸುಲಿದ ಬೆರಳಲ್ಲೇ ಬ್ಯಾಂಕಿನ ಆಪ್ ತೆರೆದಳು. ಆ ಬೆರಳು ಇಂದಿಗೂ ಕಣ್ಣ ಮುಂದೆ ಬರುತ್ತದೆ.

ಅಷ್ಟರಲ್ಲಿ ಪಕ್ಕದ ಮನೆಯ ಟೈಲರ್ ಜರೀನಾ ಒಳಗೆ ಬಂದರು. ನಮ್ಮ ಮುಖ ನೋಡಿದರು, ಫೋನು ಕಿತ್ತುಕೊಂಡರು.

"ಯಾವೂರಪ್ಪ ನಿಂದು?"

"ಮಂಡ್ಯ ಹೆಡ್ ಆಫೀಸ್," ಎಂದರು ಸಾಹೇಬರು.

"ಆಫೀಸ್ ಕೇಳ್ನಿಲ್ಲ ಕಣಪ್ಪ, ಊರು. ಮಳವಳ್ಳಿ ಕಡೆನಾ, ಬೆಸಗರಹಳ್ಳಿ ಕಡೆನಾ? ಯಾರ ಮಗ?"

"ಮೇಡಂ, ಅದೆಲ್ಲ ಸೀಕ್ರೆಟ್!"

"ಅಪ್ಪನ ಹೆಸ್ರೂ ಸೀಕ್ರೆಟ್ಟಾ? ಬುಡಕ್ಕ, ಇವನ್ಯಾವ ಪೊಲೀಸೂ ಅಲ್ಲ," ಎಂದು ಕೆಂಪು ಗುಂಡಿ ಒತ್ತಿದರು. ಮತ್ತೆ ಕರೆ ಬಂತು. "ಊರು ಗ್ಯಾಪ್ನಕ್ಕೆ ಬಂತೇನ್ಲಾ?" ಎಂದರು. ಈ ಸಲ ಸಾಹೇಬರೇ ಕತ್ತರಿಸಿ ಓಡಿದರು!

ನಮ್ಮ ಸೀಮೆಯಲ್ಲಿ ಮಳವಳ್ಳಿಯಲ್ಲಿ ಬಸ್ಸು ಹತ್ತಿದವನ ಊರು, ಕೇರಿ, ಅತ್ತೆಮನೆ ಎಲ್ಲವೂ ಮದ್ದೂರು ಬರುವಷ್ಟರಲ್ಲಿ ಪಕ್ಕದ ಸೀಟಿಗೆ ಗೊತ್ತಾಗಿರುತ್ತದೆ. ಹಾಗೆ ಕೇಳುವುದು ಅನಾಗರಿಕವೆಂದು ಕಾಲೇಜಿನಲ್ಲಿ ಕಲಿತು ಬಂದವನು ನಾನು. ಕರೆ ಮಾಡುವ ಅಪರಿಚಿತರ ಹೆಸರು ತೋರಿಸುವ ಆಪ್ ಬೇರೆ ಸಾವಿತ್ರಿಯ ಫೋನಿಗೆ ಹಾಕಿಸಿದ್ದೆ. ಅದು ಆ ದಿನ 'ಪೊಲೀಸ್ ಅಧಿಕಾರಿ' ಎಂದೇ ತೋರಿಸಿತ್ತು. ಯಾವ ಹೆಸರು ಬೇಕಾದರೂ ಅದರಲ್ಲಿ ಬರೆದುಕೊಳ್ಳಬಹುದಂತೆ.

ದೂರು ಕೊಡಲು ಹೋದಾಗ ಠಾಣೆಯ ಪೇದೆ ನಕ್ಕರು. "ಫೋನಲ್ಲಿ ಕೋಳ ಹಾಕಕ್ಕಾಯ್ತದಾ ಸಾ? ಕತ್ತರಿಸಿ, ಇಲ್ಲಿಗೆ ಬನ್ನಿ, ಅಷ್ಟೆಯ."

ಬುದ್ಧಿ ಬಂತು, ನಿದ್ದೆ ಬರಲಿಲ್ಲ. ರಾತ್ರಿ ಮೆಸೇಜು ಕಿಣಿಕಿಣಿ ಎಂದರೂ ಇಬ್ಬರೂ ಎದ್ದು ಕೂರುತ್ತಿದ್ದೆವು. ಕೂಡಿಟ್ಟ ಅದೇ ಹಣದಲ್ಲಿ ಆಪರೇಷನ್ ಆಯಿತು. ಒಂದು ಶನಿವಾರ ಸಾವಿತ್ರಿ ಕೋಲಿಲ್ಲದೆ ಸಂತೆಗೆ ನಡೆದುಹೋಗಿ, ನಡೆದೇ ಬಂದಳು. ಮರುದಿನ ಕಣ್ಣು ಬಿಟ್ಟಾಗ ಬಿಸಿಲು ಮಂಚ ಹತ್ತಿತ್ತು. ಹೊರಗೆ ಜರೀನಾ ಬಾಗಿಲು ಬಡಿಯುತ್ತಿದ್ದರು.

"ಹಾಲಿನೋನು ಕೂಗಿ ಕೂಗಿ ಹೋದ ಕಣಕ್ಕ! ಹಾಲು ನಮ್ಮನೇಲೈತೆ."

ಅವನು ಕೂಗಿದ್ದು ನಮ್ಮಿಬ್ಬರಿಗೂ ಕೇಳಿಸಿರಲಿಲ್ಲ.